ಸಾಗರತಳದಲ್ಲಿ ಹಿಮನದಿಯ ಹೆಜ್ಜೆ

ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿಯುತ್ತ ಹೋದಂತೆ ದಂಡೆಯ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆಗಳು ಮೂಡುತ್ತವೆ. ಹುಕ್ಕೇರಿ, ಬೆಲ್ಲದ ಬಾಗೇವಾಡಿ ಕಡೆಯ ವಿದ್ಯಾರ್ಥಿಗಳು ಇದನ್ನು ಕಂಡಿರಬಹುದು. ನೀರು ಎಲ್ಲೆಲ್ಲಿ ನಿಂತು ಹಿಂದೆ ಸರಿಯಿತೆಂಬುದಕ್ಕೆ ಅವೇ ಸಾಕ್ಷಿ. ಹಿಮನದಿಗಳೂ ಇಂಥ ಗುರುತು ಬಿಟ್ಟಿವೆ, ಆದರೆ ಸಮುದ್ರದ ತಳದಲ್ಲಿ.

ಹಿಮನದಿಯೆಂದರೆ ತನ್ನ ಭಾರದಿಂದಲೇ ಮೆಲ್ಲನೆ ಜಾರುವ ಮಂಜುಗಡ್ಡೆಯ ರಾಶಿ. ಸಮುದ್ರ ಸೇರುವಲ್ಲಿ ಅದು ಒಂದು ಗಡಿಯವರೆಗೆ ತಳಕ್ಕೆ ಊರಿಕೊಂಡಿದ್ದು, ಅದರಾಚೆ ತೇಲುತ್ತದೆ. ಉಬ್ಬರ ಬಂದಾಗ ಈ ಗಡಿಯಲ್ಲಿ ಮಂಜು ಕೊಂಚ ಮೇಲೇಳುತ್ತದೆ. ಇಳಿತದಲ್ಲಿ ಮತ್ತೆ ಕುಳಿತು ಕೆಸರನ್ನು ಒತ್ತಿ ಸಣ್ಣ ದಿಣ್ಣೆ ಮಾಡುತ್ತದೆ. ಅಷ್ಟರಲ್ಲಿ ಗಡಿ ಹಿಂದೆ ಸರಿದಿದ್ದರೆ ಮುಂದಿನ ದಿಣ್ಣೆಯೂ ಹಿಂದೆಯೇ ಏಳುತ್ತದೆ. ದಿನಕ್ಕೆ ಎರಡು ಇಳಿತ, ಎರಡು ದಿಣ್ಣೆ. ದಿಣ್ಣೆಗಳ ನಡುವೆ 100 ಮೀಟರ್ ಅಂತರವಿದ್ದರೆ ಹಿಮನದಿ ದಿನಕ್ಕೆ 200 ಮೀಟರ್ ಹಿಂಜರಿದಿತ್ತೆಂದು ಯಾರೂ ಲೆಕ್ಕ ಹಾಕಬಹುದು!

ನೆಲದ ಮೇಲಾಗಿದ್ದರೆ ಮಳೆ, ಗಾಳಿ, ನೇಗಿಲು ಇವನ್ನು ಎಂದೋ ಅಳಿಸುತ್ತಿದ್ದವು. ಆಳದ ನೀರಿಗೆ ಅಲೆಗಳ ಹೊಡೆತವಿಲ್ಲ. ಹಡಗಿನಿಂದ ಶಬ್ದತರಂಗಗಳನ್ನು ಕಳಿಸಿ, ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ಆಳವನ್ನು ಅಳೆದು ತಳದ ನಕ್ಷೆ ಬರೆಯುತ್ತಾರೆ. ನಾರ್ವೆಯ ಕಡಲಾಚೆ ಇಂಥ 7,600ಕ್ಕೂ ಹೆಚ್ಚು ದಿಣ್ಣೆಗಳು ಸಿಕ್ಕಿವೆ. ಹೆಚ್ಚೆಂದರೆ ಎರಡೂವರೆ ಮೀಟರ್ ಎತ್ತರ, ನಮ್ಮ ಹೊಲದ ಬದುವಿಗಿಂತ ತುಸು ದೊಡ್ಡವು, ಅಷ್ಟೆ. ಆದರೆ 2023ರಲ್ಲಿ ಪ್ರಕಟವಾದ ಅಧ್ಯಯನ ಅವುಗಳಿಂದ ಕಂಡುಕೊಂಡ ವೇಗ ದಿನಕ್ಕೆ 55ರಿಂದ 610 ಮೀಟರ್. ಉಪಗ್ರಹಗಳು ಅದುವರೆಗೆ ಅಳೆದ ಅತಿ ಹೆಚ್ಚಿನ ವೇಗದ ಸುಮಾರು 20 ಪಟ್ಟು! ತಳ ಸಮತಟ್ಟಾಗಿದ್ದಲ್ಲಿ ಮಾತ್ರ, ಅದೂ ಕೆಲವು ದಿನ ಅಥವಾ ತಿಂಗಳು ಹೀಗೆ ನಡೆಯಿತೆಂಬುದನ್ನು ಮರೆಯಬಾರದು.

ಕರಗಿದ ನೀರು ಎಲ್ಲಿ ಹೋಯಿತು? ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರದ ಕಡಲಂಚು ಆಗ ಬಹುದೂರ ಪಶ್ಚಿಮಕ್ಕಿತ್ತು. ಆಳವಿಲ್ಲದ ನೀರಿನಲ್ಲಷ್ಟೇ ಹುಟ್ಟುವ ಸುಣ್ಣದ ದುಂಡು ಮರಳುಕಣಗಳು ಭಾರತದ ಪಶ್ಚಿಮ ಕರಾವಳಿಯಾಚೆ ಇಂದು 60 ಮೀಟರಿಗೂ ಹೆಚ್ಚು ಆಳದಲ್ಲಿ ದೊರೆತಿವೆ. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇವನ್ನು ಅಧ್ಯಯನ ಮಾಡಿದ್ದಾರೆ.

ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಮುಂದೆ ಕಂಡ 160ಕ್ಕೂ ಹೆಚ್ಚು ದಿಣ್ಣೆಗಳ ವಿವರ 2022ರಲ್ಲಿ ಪ್ರಕಟವಾಯಿತು. ಅಲ್ಲಿ ದಿನಕ್ಕೊಂದೇ ದಿಣ್ಣೆ. ಕಳೆದ 200 ವರ್ಷಗಳೊಳಗೆ, ಆರು ತಿಂಗಳಿಗೂ ಕಡಿಮೆ ಅವಧಿಯಲ್ಲಿ, ವರ್ಷಕ್ಕೆ ಎರಡು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಅದು ಹಿಂಜರಿದಿತ್ತು. ಈ ಒಂದು ಹಿಮನದಿ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರಮಟ್ಟ ಸುಮಾರು 65 ಸೆಂಟಿಮೀಟರ್ ಏರುತ್ತದೆ. ಕಾರವಾರ, ಹೊನ್ನಾವರಗಳ ಕಡಲೂ ಅದರಲ್ಲಿ ಸೇರಿದೆ.