ಲೋಣಾವಳದಲ್ಲಿ ಅಳೆದ ಉಸಿರು

ಪ್ರಾಣಾಯಾಮ ಮಾಡಿದರೆ ಮೈಗೆ ಆಮ್ಲಜನಕ ಹೆಚ್ಚು ಸಿಗುತ್ತದೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದನ್ನು ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿದ ಮೊದಲಿಗರಲ್ಲಿ ಸ್ವಾಮಿ ಕುವಲಯಾನಂದರು ಒಬ್ಬರು. ಅವರು 1924ರಲ್ಲಿ ಪುಣೆ ಜಿಲ್ಲೆಯ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಕಟ್ಟಿ, ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆಯನ್ನೂ ಆರಂಭಿಸಿದರು. ಪ್ರಾಣಾಯಾಮದ ಫಲ ಹೆಚ್ಚುವರಿ ಆಮ್ಲಜನಕದಲ್ಲಿಲ್ಲ ಎಂಬುದು ಅವರ ನಿಲುವು. ಯೋಗಕ್ಕೇ ಬದುಕು ಕೊಟ್ಟವರು ಯೋಗದ ಜನಪ್ರಿಯ ಸಮರ್ಥನೆಯೊಂದನ್ನು ಕೈಬಿಟ್ಟರು ಎಂಬುದು ದೊಡ್ಡ ಸಂಗತಿ.

ಕಾರಣ ಸರಳ. ಆರೋಗ್ಯವಂತರು ಸುಮ್ಮನೆ ಕುಳಿತಿದ್ದಾಗಲೂ ಅಪಧಮನಿಯ ರಕ್ತದ ಹಿಮೋಗ್ಲೋಬಿನ್ ಸುಮಾರು ಶೇ 97ರಷ್ಟು ಆಮ್ಲಜನಕದಿಂದ ತುಂಬಿರುತ್ತದೆ. ಎಷ್ಟು ಜೋರಾಗಿ ಉಸಿರಾಡಿದರೂ ಅಲ್ಲಿ ತುಂಬಲು ಜಾಗ ಕಡಿಮೆ. ನಿಜವಾಗಿ ಏರುಪೇರಾಗುವುದು ಇಂಗಾಲದ ಡೈಆಕ್ಸೈಡ್. ಭಸ್ತ್ರಿಕೆಯಂಥ ಬಿರುಸಿನ ಉಸಿರಾಟ ಅತಿಯಾದರೆ ಅದು ರಕ್ತದಿಂದ ಬೇಗ ಹೊರಹೋಗುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗುವುದು, ಬೆರಳು ಜುಮುಗುಟ್ಟುವುದು ಇದರಿಂದಲೇ. ಎಷ್ಟೋ ಸಾಧಕರು ಇದನ್ನು ದಿವ್ಯಾನುಭವವೆಂದು ಬಗೆಯುತ್ತಾರೆ. ಉಸಿರು ಹಿಡಿಯುವ ಕುಂಭಕದಲ್ಲಿ ಇದೇ ಅನಿಲ ಕೂಡಿಕೊಂಡು, ಉಸಿರೆಳೆಯಬೇಕೆಂಬ ತವಕ ಹುಟ್ಟಿಸುತ್ತದೆ. ಬಿರುಸಾಗಿ ಉಸಿರಾಡಿ ನೀರಿಗೆ ಮುಳುಗುವುದು ಪ್ರಾಣಾಪಾಯಕಾರಿ: ಅನಿಲ ಮೊದಲೇ ಕಡಿಮೆಯಾಗಿರುವುದರಿಂದ ಆ ತವಕ ಹುಟ್ಟುವ ಮುನ್ನವೇ ಪ್ರಜ್ಞೆ ತಪ್ಪಬಹುದು.

ಯೇಲ್ ವಿಶ್ವವಿದ್ಯಾಲಯದ ಕೋವೂರ್ ಬೆಹನನ್ 1930ರ ದಶಕದಲ್ಲಿ ಕುವಲಯಾನಂದರ ಬಳಿ ಕಲಿತು ಹೋದರು. ಬೆಹನನ್ ಮೇಲೆ ನಡೆದ ಅಳತೆಗಳನ್ನು ವಾಲ್ಟರ್ ಮೈಲ್ಸ್ 1964ರಲ್ಲಿ ಪ್ರಕಟಿಸಿದರು. ಆಮ್ಲಜನಕದ ಬಳಕೆ ಉಜ್ಜಾಯಿಯಲ್ಲಿ ಶೇ 24.5, ಭಸ್ತ್ರಿಕೆಯಲ್ಲಿ ಶೇ 18.5, ಕಪಾಲಭಾತಿಯಲ್ಲಿ ಶೇ 12ರಷ್ಟು ಏರಿತ್ತು. ಬಳಕೆ ಏರಿತೆಂದರೆ ದಾಸ್ತಾನು ಬೆಳೆಯಿತೆಂದಲ್ಲ. ಉಸಿರಾಟಕ್ಕೆ ದುಡಿಯುವ ಸ್ನಾಯುಗಳ ಖರ್ಚೂ ಇದರಲ್ಲಿದೆ. ಅಲ್ಲದೆ ಇದು ಒಬ್ಬರೇ ವ್ಯಕ್ತಿಯ ಲೆಕ್ಕ.

ನಿಧಾನದ ಉಸಿರಿನ ಕಥೆ ಬೇರೆ. ಇಟಲಿಯ ಬೆರ್ನಾರ್ಡಿ ತಂಡ 2001ರಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೋಲಿಸಿತು. ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದವು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ನರಗಳ ಪ್ರತಿಕ್ರಿಯೆ ಚುರುಕಾಯಿತು. ಭ್ರಾಮರಿಯಂತೆ ಗುಂಯ್‌ಗುಟ್ಟಿದರೆ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು.

ಬೆಂಗಳೂರಿನಲ್ಲಿ ಶರ್ಲಿ ಟೆಲ್ಲಿಸ್, ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಮೂಗಿನ ಹೊಳ್ಳೆಗಳನ್ನೇ ಪರೀಕ್ಷೆಗೆ ಒಡ್ಡಿದರು. ಬಲ ಹೊಳ್ಳೆಯ ಉಸಿರಾಟವನ್ನು ದಿನಕ್ಕೆ 4 ಸಲ, ತಲಾ 27 ಸುತ್ತಿನಂತೆ ಒಂದು ತಿಂಗಳ ಕಾಲ ಮಾಡಿದವರಲ್ಲಿ ಆಮ್ಲಜನಕದ ಬಳಕೆ ಶೇ 37ರಷ್ಟು ಏರಿತೆಂದು 1994ರ ವರದಿ ಹೇಳಿತು. ಬಲ ಹೊಳ್ಳೆಯ ಉಸಿರು ಸೂರ್ಯನಾಡಿಯದು, ಅದು ಕಾವು ಹೆಚ್ಚಿಸುತ್ತದೆ ಎಂಬ ಹಠಯೋಗದ ಮಾತಿಗೆ ಇದು ಹೊಂದಿತು. ಆದರೆ ಎಡ ಹೊಳ್ಳೆಯವರಲ್ಲೂ ಬಳಕೆ ಶೇ 24ರಷ್ಟು ಏರಿತ್ತು. ಇದಕ್ಕೂ ಮೊದಲು, 1985ರಲ್ಲಿ, ನಾಗರತ್ನ ಮತ್ತು ನಾಗೇಂದ್ರರ ಅಸ್ತಮಾ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಯೋಗ ಕಲಿತ 53 ರೋಗಿಗಳಲ್ಲಿ ದಮ್ಮು ಕಾಣಿಸಿಕೊಳ್ಳುವುದೂ ಔಷಧದ ಬಳಕೆಯೂ ತಗ್ಗಿದವು. ಅವರು ಆಸನ, ಧ್ಯಾನಗಳನ್ನೂ ಮಾಡಿದ್ದರಿಂದ, ಆ ಗುಣದಲ್ಲಿ ಉಸಿರಿನ ಪಾಲೆಷ್ಟೆಂದು ಅದರಿಂದ ಬಿಡಿಸಿ ಹೇಳಲಾಗದು.