ಶುಲ್ಕವೋ, ಸುಂಕವೋ, ಬಾಡಿಗೆಯೋ: ಸಣ್ಣ ಮೊತ್ತದ ಕ್ರಿಪ್ಟೊ ಕಳಿಸುವ ಖರ್ಚು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೋತೀನಿ. ಚಿಲಮತ್ತೂರಿನ ನಮ್ಮ ಮನೆಯಿಂದ ಮಾತಾಡ್ತಿದ್ದೀನಿ, ನೆಟ್‌ವರ್ಕ್ ಮಧ್ಯೆ ಕೈಕೊಟ್ಟರೆ ಎರಡು ನಿಮಿಷ ಸಹಿಸಿಕೊಳ್ಳಿ.

ಕನ್ನಡ ಎಂ.ಎ. ಓದುವವಳಿಗೆ ಕ್ರಿಪ್ಟೊ ಉಸಾಬರಿ ಯಾಕೆ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ. ಕಾರಣ ಹದಿನೆಂಟು ಡಾಲರ್. 2024ರ ಮಾರ್ಚ್‌ನಲ್ಲಿ ಹೊರದೇಶದ ಒಂದು ಯೋಜನೆಗೆ ಕನ್ನಡ ವಾಕ್ಯಗಳನ್ನು ಓದಿ, ತಪ್ಪು ತಿದ್ದಿಕೊಡುವ ಕೆಲಸ ಮಾಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಮೂರು ವಾರದ ರಾತ್ರಿ ಕೆಲಸಕ್ಕೆ ಬಂದ ಕೂಲಿ 18 ಡಾಲರ್, ಅಂದರೆ ಸುಮಾರು ಒಂದೂವರೆ ಸಾವಿರ ರೂಪಾಯಿ. ಅದು ಬ್ಯಾಂಕಿಗೆ ಬರಲಿಲ್ಲ. ಡಾಲರ್ ಬೆಲೆಗೆ ಕಟ್ಟಿಹಾಕಿದ ಒಂದು ಟೋಕನ್ ರೂಪದಲ್ಲಿ, ಇಥೀರಿಯಂ ಜಾಲದ ಮೇಲೆ, ನನ್ನ ಮೊಬೈಲಿನ ವಾಲೆಟ್‌ಗೆ ಬಂತು. ಪರೀಕ್ಷಾ ಶುಲ್ಕಕ್ಕೆ ಆಯ್ತು ಅಂತ ಖುಷಿಪಟ್ಟೆ. ರೂಪಾಯಿ ಮಾಡಿಕೊಳ್ಳಲು ಎಕ್ಸ್‌ಚೇಂಜಿಗೆ ಕಳಿಸೋಣ ಅಂತ ಬಟನ್ ಒತ್ತಿದರೆ, 'ವಹಿವಾಟು ಶುಲ್ಕ' ಅನ್ನೋ ಸಾಲಿನ ಮುಂದೆ ಸುಮಾರು 9 ಡಾಲರ್ ಅಂತ ತೋರಿಸಿತು. ಕೂಲಿಯ ಅರ್ಧ. ಅದರ ಮೇಲೆ ಇನ್ನೊಂದು ತಮಾಷೆ: ಆ ಒಂಬತ್ತನ್ನು ಈ ಹದಿನೆಂಟರಲ್ಲಿ ಮುರ್ಕೊಳ್ಳೋ ಹಾಗೂ ಇಲ್ಲ, ಅದನ್ನು ಈಥರ್ ಅನ್ನೋ ಬೇರೆ ನಾಣ್ಯದಲ್ಲೇ ಕೊಡಬೇಕು. ನನ್ನ ಹತ್ತಿರ ಈಥರ್ ಇರಲಿಲ್ಲ. ದುಡ್ಡು ಕಣ್ಣಿಗೆ ಕಾಣ್ತಿದೆ, ಕೈಗೆ ಬರ್ತಿಲ್ಲ.

'ಶುಲ್ಕ' ಅಂದಾಗ ನಮ್ಮ ತಲೆಗೆ ಬರುವುದು ಕಮಿಷನ್. ನೂರಕ್ಕಿಷ್ಟು. ಸಣ್ಣ ಮೊತ್ತಕ್ಕೆ ಸಣ್ಣ ಶುಲ್ಕ, ದೊಡ್ಡದಕ್ಕೆ ದೊಡ್ಡದು. ನಾನೂ ಹಾಗೇ ತಿಳಿದಿದ್ದೆ. ನನ್ನನ್ನು ದಾರಿ ತಪ್ಪಿಸಿದ್ದು ಆ ಪದವೇ ಅನ್ನೋದು ಈ ಪ್ರಬಂಧದ ವಾದ.

ನಮ್ಮೂರ ರಸ್ತೆಯನ್ನೇ ತಗೊಳ್ಳಿ. ಚಿಲಮತ್ತೂರಿಂದ ರಾಷ್ಟ್ರೀಯ ಹೆದ್ದಾರಿ 44ಕ್ಕೆ ಬಂದರೆ ಕೊಡಿಕೊಂಡ. ಅಲ್ಲಿ ಮುಂಚೆ ಆಂಧ್ರದ ಚೆಕ್‌ಪೋಸ್ಟ್ ಇತ್ತು. ವಾಣಿಜ್ಯ ತೆರಿಗೆಯವರು ಲಾರಿ ನಿಲ್ಲಿಸಿ ಸರಕಿನ ಬಿಲ್ಲು ನೋಡೋರು. ಒಳಗೆ ಏನಿದೆ, ಅದರ ಬೆಲೆ ಎಷ್ಟು, ಅದು ಅವರ ಪ್ರಶ್ನೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ತಪಾಸಣೆ ಹೋಯ್ತು, ಜಾಗಕ್ಕೆ ಮಾತ್ರ ಇವತ್ತಿಗೂ ಚೆಕ್‌ಪೋಸ್ಟ್ ಅಂತಲೇ ಹೆಸರು. ಅಲ್ಲಿಂದ ಬೆಂಗಳೂರು ಕಡೆ ಹೊರಟರೆ ಕರ್ನಾಟಕದೊಳಗೆ ಬಾಗೇಪಲ್ಲಿ ಹತ್ತಿರ ಟೋಲ್ ಸಿಗುತ್ತೆ. ಟೋಲ್‌ನವರಿಗೆ ಬಿಲ್ಲು ಬೇಡ. ಗಾಡಿ ಯಾವುದು, ಆಕ್ಸಲ್ ಎಷ್ಟು, ಅಷ್ಟೇ. ಲಾರಿ ತುಂಬ ಹಿಂದೂಪುರದ ರೇಷ್ಮೆಗೂಡು ಇರಲಿ, ಖಾಲಿ ಟೊಮೆಟೊ ಕ್ರೇಟ್ ಇರಲಿ, ದರ ಒಂದೇ. ಯಾಕಂದ್ರೆ ಅವರು ತಗೊಳ್ಳೋದು ರಸ್ತೆ ಬಳಸಿದ್ದಕ್ಕೆ, ಸರಕಿನ ಬೆಲೆಗಲ್ಲ.

ಬಿಟ್‌ಕಾಯಿನ್, ಇಥೀರಿಯಂ ಎರಡೂ ಈ ಎರಡನೇ ಜಾತಿಗೆ ಸೇರಿದವು. ಜಾಲಕ್ಕೆ ನೀವು ಎಷ್ಟು ದುಡ್ಡು ಕಳಿಸ್ತೀರಿ ಅನ್ನೋದು ಮುಖ್ಯ ಅಲ್ಲ, ನಿಮ್ಮ ವಹಿವಾಟು ಎಷ್ಟು ಜಾಗ ಹಿಡಿಯುತ್ತೆ, ಎಷ್ಟು ಲೆಕ್ಕದ ಕೆಲಸ ಕೊಡುತ್ತೆ ಅನ್ನೋದು ಮುಖ್ಯ. ಕೋಟಿ ರೂಪಾಯಿ ಕಳಿಸುವವರೂ ನೂರು ರೂಪಾಯಿ ಕಳಿಸುವವರೂ ಒಂದೇ ಅಳತೆಯ ಗಾಡಿಯಲ್ಲಿ ಹೋಗ್ತಾರೆ. ಟೋಲ್‌ನಲ್ಲಿ ಬೈಕಿಗಾದರೂ ಬಿಟ್ಟುಬಿಡ್ತಾರೆ, ಇಲ್ಲಿ ಆ ರಿಯಾಯಿತಿಯೂ ಇಲ್ಲ.

ಒಂದು ವ್ಯತ್ಯಾಸ ಇದೆ. ಟೋಲ್ ದರ ಬೋರ್ಡಿನ ಮೇಲೆ ಬರೆದಿರುತ್ತೆ. ಬ್ಲಾಕ್‌ಚೈನಿನದು ಹರಾಜು. ಬಿಟ್‌ಕಾಯಿನ್‌ನಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್, ಒಂದರಲ್ಲಿ ಸುಮಾರು ಹತ್ತು ಲಕ್ಷ ವರ್ಚುವಲ್ ಬೈಟ್ ಜಾಗ. ಬೇಡಿಕೆ ಎಷ್ಟೇ ಏರಲಿ, ಜಾಗ ಅಷ್ಟೇ. ಬೈಟಿಗೆ ಯಾರು ಹೆಚ್ಚು ಕೊಡ್ತಾರೋ ಅವರನ್ನು ಮೈನರುಗಳು ಮೊದಲು ಹತ್ತಿಸಿಕೊಳ್ತಾರೆ. ಯುಗಾದಿ ಹಿಂದಿನ ದಿನ ಬೆಂಗಳೂರಲ್ಲಿ ಊರಿಗೆ ಹೊರಟು ಖಾಸಗಿ ಬಸ್ಸಿಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಏಪ್ರಿಲ್ 20ರಂದು ಬ್ಲಾಕ್ ಒಂದರ ಬಹುಮಾನ 6.25 ಬಿಟ್‌ಕಾಯಿನ್‌ನಿಂದ 3.125ಕ್ಕೆ ಇಳಿದ ದಿನವೇ ಹೊಸ ಬಗೆಯ ಟೋಕನ್‌ಗಳ ನೂಕುನುಗ್ಗಲೂ ಸೇರಿ, ಒಂದು ವಹಿವಾಟಿನ ಸರಾಸರಿ ಶುಲ್ಕ 120 ಡಾಲರ್ ದಾಟಿತ್ತು. ಅವತ್ತು 18 ಡಾಲರ್ ಕಳಿಸಹೊರಟವರ ಗತಿ ಯೋಚಿಸಿ.

ಇನ್ನು ಲೆಕ್ಕ. ಸ್ಲೈಡ್ ಬೇಡ, ಬಾಯಲ್ಲೇ ಹೇಳ್ತೀನಿ.

ಬಿಟ್‌ಕಾಯಿನ್ ವಾಲೆಟ್ ಅಂದರೆ ದುಡ್ಡೆಲ್ಲ ಒಂದಾಗಿ ಬೆರೆಯುವ ಹುಂಡಿ ಅಲ್ಲ. ಅದು ಅಜ್ಜಿಯ ಎಲೆಅಡಿಕೆ ಚೀಲದ ಹಾಗೆ. ಯಾರು ಯಾವಾಗ ಕೊಟ್ಟರೋ ಆ ದುಡ್ಡು ಅದದೇ ಗಂಟಿನಲ್ಲಿ ಬೇರೆ ಬೇರೆಯಾಗಿ ಇರುತ್ತೆ. ಖರ್ಚು ಮಾಡುವಾಗ ಒಂದೊಂದು ಗಂಟನ್ನೂ ತೋರಿಸಿ, ಇದು ನನ್ನದೇ ಅಂತ ಪ್ರತಿಯೊಂದಕ್ಕೂ ಸಹಿ ಹಾಕಿ ಬಿಚ್ಚಬೇಕು. ಈಗ ಬಳಕೆಯಲ್ಲಿರುವ ಸಾಮಾನ್ಯ ವಿಳಾಸದಲ್ಲಿ ಹಾಗೆ ಬಿಚ್ಚುವ ಒಂದು ಗಂಟು ಸುಮಾರು 68 ವರ್ಚುವಲ್ ಬೈಟ್ ಹಿಡಿಯುತ್ತೆ. ಹೊಸದಾಗಿ ಕಟ್ಟಿಕೊಡುವ ಗಂಟಿಗೆ 31, ಮೇಲು ಖರ್ಚು ಒಂದು 11.

ಲೆಕ್ಕ ಸುಲಭ ಆಗಲಿ ಅಂತ ಒಂದು ಬಿಟ್‌ಕಾಯಿನ್‌ಗೆ 50 ಲಕ್ಷ ರೂಪಾಯಿ ಅಂದುಕೊಳ್ಳೋಣ. ಹತ್ತು ಕೋಟಿ ಸತೋಶಿಗೆ ಒಂದು ಬಿಟ್‌ಕಾಯಿನ್, ಹಾಗಾಗಿ ಒಂದು ಸತೋಶಿ ಅಂದರೆ 5 ಪೈಸೆ. ಬೈಟಿಗೆ 50 ಸತೋಶಿ ದರ ನಡೀತಿದೆ ಅನ್ನಿ. ಒಬ್ಬರ ಹತ್ತಿರ ಒಂದೇ ದೊಡ್ಡ ಗಂಟಿದೆ. ಬೇಕಾದಷ್ಟು ಕಳಿಸಿ ಚಿಲ್ಲರೆ ವಾಪಸ್ ಪಡೆಯಲು ಅವರಿಗೆ ಸುಮಾರು 141 ಬೈಟ್ ಸಾಕು, ಖರ್ಚು ಹೆಚ್ಚುಕಮ್ಮಿ 350 ರೂಪಾಯಿ. ಅವರು ಕಳಿಸಿದ್ದು ಹತ್ತು ಲಕ್ಷ ಆದರೂ ಅಷ್ಟೇ. ಇನ್ನೊಬ್ಬರು ಇಪ್ಪತ್ತು ಸಲ ಇನ್ನೂರಿನ್ನೂರು ರೂಪಾಯಿ ಸಂಪಾದಿಸಿದ್ದಾರೆ, ಒಟ್ಟು ನಾಲ್ಕು ಸಾವಿರ. ಇಪ್ಪತ್ತೂ ಗಂಟು ಬಿಚ್ಚಲು 1,402 ಬೈಟ್, ಖರ್ಚು 3,505 ರೂಪಾಯಿ. ಕೈಗೆ ಸಿಗೋದು 495. ದರ 50ರಿಂದ 60 ಸತೋಶಿಗೆ ಏರಿತೋ, ಇನ್ನೂರು ರೂಪಾಯಿಯ ಒಂದು ಗಂಟು ಬಿಚ್ಚೋಕೆ 204 ರೂಪಾಯಿ ಬೇಕು. ಗಂಟು ಇದೆ, ಆದರೆ ಬಿಚ್ಚಿದರೆ ನಷ್ಟ. ಹೀಗೆ ಬೆಲೆ ಕಳೆದುಕೊಂಡ ಚೂರುಗಳಿಗೆ ಅವರ ಪರಿಭಾಷೆಯಲ್ಲಿ 'ಧೂಳು' ಅಂತಲೇ ಹೆಸರು. ಹಳೇ ಬಗೆಯ ವಿಳಾಸಕ್ಕೆ 546 ಸತೋಶಿಗಿಂತ ಕಡಿಮೆ ಕಳಿಸಹೋದರೆ ಸಾಮಾನ್ಯವಾಗಿ ಜಾಲದ ತಂತ್ರಾಂಶವೇ ಅದನ್ನು ಮುಂದಕ್ಕೆ ದಾಟಿಸುವುದಿಲ್ಲ. ಕೂಲಿ ಮಾಡಿದವರ ದುಡ್ಡನ್ನು ಧೂಳು ಅನ್ನೋದು ಕೇಳಿದಾಗ ನನಗೆ ಚುಚ್ಚಿತು, ಅದು ಬೇರೆ ಮಾತು.

ಇಥೀರಿಯಂನಲ್ಲಿ ಅಳತೆ ಬೈಟ್ ಅಲ್ಲ, 'ಗ್ಯಾಸ್'. ಈಥರ್ ನೇರ ಕಳಿಸಿದರೆ 21,000 ಗ್ಯಾಸ್. ನನ್ನಂಥ ಟೋಕನ್ ಆದರೆ ಸುಮಾರು 65,000ದವರೆಗೆ, ಯಾಕಂದ್ರೆ ಆ ಟೋಕನ್ನಿನ ಲೆಕ್ಕ ಬರೆಯುವ ಒಂದು ಪ್ರೋಗ್ರಾಂ ಓಡಬೇಕು. ಗ್ಯಾಸಿಗೆ 40 ಗ್ವೈ, ಈಥರಿಗೆ 3,500 ಡಾಲರ್ ಅಂತ ಹಿಡಿದರೆ 9.1 ಡಾಲರ್. ನನ್ನ ಪರದೆ ಮೇಲೆ ಬಂದದ್ದು ಹೆಚ್ಚುಕಮ್ಮಿ ಇದೇ. ಯಾರೂ ನನಗೆ ಮೋಸ ಮಾಡಿರಲಿಲ್ಲ. ಆ ಪ್ರೋಗ್ರಾಂಗೆ ಹದಿನೆಂಟೂ ಒಂದೇ, ಹದಿನೆಂಟು ಸಾವಿರವೂ ಒಂದೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ, ಇಲ್ಲಿ ಹೇಳಿಕೊಳ್ಳೋಕೆ ಸುಂಕದವನೂ ಇಲ್ಲ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಶುಲ್ಕ ತತ್ಸಮ, ಸುಂಕ ಅದರದೇ ತದ್ಭವ. ಮೂಲ ಒಂದೇ ಆದರೂ ಕನ್ನಡದಲ್ಲಿ ಎರಡೂ ಬೇರೆ ಸಂಸಾರ ಹೂಡಿವೆ. ಕಾಲೇಜಿಗೆ ಕಟ್ಟೋದು ಶುಲ್ಕ, ಗಡಿಯಲ್ಲಿ ಕಟ್ಟೋದು ಸುಂಕ. ಇವೆರಡರ ಪಕ್ಕದಲ್ಲಿ ಮೂರನೆಯದೊಂದು ಪದ ಇದೆ, ಬಾಡಿಗೆ. ಪುರಂದರದಾಸರ ಕಲ್ಲುಸಕ್ಕರೆಯ ಕೀರ್ತನೆ ಎಲ್ಲರಿಗೂ ಗೊತ್ತು. ಕೃಷ್ಣನಾಮದ ಈ ಸರಕನ್ನು ಎತ್ತಿನ ಮೇಲೆ ಹೇರಬೇಕಾಗಿಲ್ಲ, ಎಲ್ಲಿಗೆ ಒಯ್ದರೂ ಇದಕ್ಕೆ ಬಾಡಿಗೆಯೂ ಇಲ್ಲ ಸುಂಕವೂ ಇಲ್ಲ ಅನ್ನೋ ಮಾತು ಅದರಲ್ಲಿ ಬರುತ್ತೆ. ಅಲ್ಲಿ ಎರಡೂ ಪದ ಯಾಕಿವೆ? ಪ್ರಾಸಕ್ಕಲ್ಲ. ಸರಕು ಸಾಗಿಸುವವರಿಗೆ ಅವು ಎರಡು ಬೇರೆ ಖರ್ಚು. ಹೊರುವ ಎತ್ತಿಗೆ ಬಾಡಿಗೆ, ಕಟ್ಟೆಯಲ್ಲಿ ಸುಂಕ. ವ್ಯಾಪಾರದ ಮನೆಯಿಂದ ಬಂದವರು ಅಂತ ಪ್ರತೀತಿ ಇರುವ ದಾಸರಿಗೆ ಆ ಭೇದ ಗೊತ್ತಿತ್ತು ಅನ್ಸುತ್ತೆ. ನಮ್ಮ ಆ್ಯಪ್‌ಗಳ ಅನುವಾದಕರು ಅದನ್ನು ಮರೆತಿದ್ದಾರೆ. ಬ್ಲಾಕ್‌ಚೈನಿನವರು ಕೇಳ್ತಿರೋದು ಬಾಡಿಗೆ. 'ಜಾಗದ ಬಾಡಿಗೆ' ಅಂತ ಆ ಪರದೆ ಮೇಲೆ ಬರೆದಿದ್ದರೆ, ಹದಿನೆಂಟು ಡಾಲರನ್ನು ಈ ಗಾಡಿಯಲ್ಲಿ ಹಾಕಿ ಕಳಿಸಿ ಅಂತ ನಾನು ಒಪ್ಪಿಕೊಳ್ಳುವ ಮುಂಚೆಯೇ ಎರಡು ಸಲ ಯೋಚಿಸ್ತಿದ್ದೆ.

ಬೆಲೆ ನೋಡಿ ತಗೊಳ್ಳೋ ಪದ್ಧತಿಗೂ ನಮ್ಮಲ್ಲಿ ಒಳ್ಳೇ ಉದಾಹರಣೆ ಇದೆ, ಮನಿಯಾರ್ಡರು. ಭಾರತದ ಅಂಚೆಯಲ್ಲಿ 1880ರಲ್ಲಿ ಶುರುವಾದದ್ದು. ಬಹುಕಾಲ ನಡೆದ ದರ 20 ರೂಪಾಯಿಗೆ, ಅಥವಾ ಅದರ ಭಾಗಕ್ಕೆ, 1 ರೂಪಾಯಿ. ಇನ್ನೂರಕ್ಕೆ ಹತ್ತು, ಸಾವಿರಕ್ಕೆ ಐವತ್ತು. ಶೇಕಡಾ ಐದು ಕಡಿಮೆ ಏನಲ್ಲ. ಆದರೆ ಪೋಸ್ಟ್‌ಮ್ಯಾನ್ ಇನ್ನೂರು ತಂದರೂ ಎರಡು ಸಾವಿರ ತಂದರೂ ತುಳಿಯುವ ಸೈಕಲ್ ದೂರ ಒಂದೇ. ಅಂದರೆ ದೊಡ್ಡ ಮೊತ್ತದವರು ಸಣ್ಣ ಮೊತ್ತದವರ ದಾರಿಖರ್ಚನ್ನು ಒಂದಿಷ್ಟು ಹೊರುತ್ತಿದ್ದರು. ಯುಪಿಐನಲ್ಲಿ ಕಳಿಸುವವರಿಗೆ ಖರ್ಚೇ ಇಲ್ಲ, ಹಾಗಂತ ಅದು ಪುಕ್ಕಟೆಯಲ್ಲ. 2020ರ ಜನವರಿಯಿಂದ ಅಂಗಡಿಯವರ ಮೇಲಿನ ದರವನ್ನೂ ಸೊನ್ನೆ ಮಾಡಿದ ಮೇಲೆ, ಬ್ಯಾಂಕುಗಳಿಗೆ ಸರ್ಕಾರ ಪ್ರೋತ್ಸಾಹಧನ ಕೊಡ್ತಾ ಬಂದಿದೆ. 2024-25ನೇ ಸಾಲಿಗೆ ಸಣ್ಣ ಅಂಗಡಿಗಳಲ್ಲಿ 2,000 ರೂಪಾಯಿವರೆಗಿನ ಪಾವತಿಗಳಿಗಾಗಿ ಸುಮಾರು 1,500 ಕೋಟಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸಣ್ಣ ಮೊತ್ತ ಓಡಾಡಬೇಕಾದರೆ ಆ ಬಾಡಿಗೆಯನ್ನು ಯಾರೋ ಹೊರಬೇಕು.

ವಿಪರ್ಯಾಸ ಏನಂದ್ರೆ, 2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಹೆಸರಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧದ ಪೀಠಿಕೆಯಲ್ಲೇ ಈ ದೂರು ಇದೆ. ಮಧ್ಯವರ್ತಿಗಳಿಂದ ಖರ್ಚು ಏರುತ್ತದೆ, ಅದರಿಂದ ಸಣ್ಣಪುಟ್ಟ ವಹಿವಾಟು ಸಾಧ್ಯವಾಗದೆ ಹೋಗುತ್ತದೆ ಅನ್ನೋದು ಅದರ ತಕರಾರುಗಳಲ್ಲಿ ಒಂದು. ಮಧ್ಯವರ್ತಿ ಹೋದ, ಬಾಡಿಗೆ ಹೊರುವವನೂ ಅವನ ಜೊತೆಗೇ ಹೋದ.

ಪರಿಹಾರ ಇಲ್ಲ ಅಂತಲ್ಲ. 2016ರಲ್ಲಿ ಪೂನ್ ಮತ್ತು ಡ್ರೈಜಾ ಬರೆದ ಲೈಟ್ನಿಂಗ್ ಪ್ರಸ್ತಾವ ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ: ದಿನದಿನದ್ದು ಪುಸ್ತಕದಲ್ಲಿ ಬರಕೊಂಡು, ಕೊನೆಗೆ ಒಂದು ಸಲ ಚುಕ್ತಾ. ಪುಸ್ತಕ ತೆರೆಯಲು, ಮುಚ್ಚಲು ಮಾತ್ರ ಮುಖ್ಯ ಜಾಲದ ಬಾಡಿಗೆ. ಇಥೀರಿಯಂನ ಎರಡನೇ ಹಂತದ ಜಾಲಗಳು ಷೇರ್ ಆಟೋ ಇದ್ದ ಹಾಗೆ, ಒಂದು ಬಾಡಿಗೆಯನ್ನು ಹತ್ತು ಜನ ಹಂಚಿಕೊಳ್ತಾರೆ. 2024ರ ಮಾರ್ಚ್ 13ರ ಡೆನ್‌ಕುನ್ ಬದಲಾವಣೆಯ ನಂತರ ಅಲ್ಲಿ ಖರ್ಚು ಬಹಳ ಇಳಿಯಿತು. ಆದರೆ ಆಟೋ ಹಿಡಿಯಬೇಕಾದವರು ಕಳಿಸುವವರು. ನನಗೆ ಕೂಲಿ ಕೊಟ್ಟವರು ಯಾವ ಜಾಲದಲ್ಲಿ ಕೊಡಲಿ ಅಂತ ಕೇಳಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ.

ಸರ್ ಒಬ್ಬರು ಕೇಳಿದ್ದಾರೆ: ಬಾಡಿಗೆ ಅಂದರೆ ಅವಧಿ ಇರುತ್ತದೆ, ತಿಂಗಳಿಗಿಷ್ಟು ಅಂತ. ಬ್ಲಾಕ್‌ನಲ್ಲಿ ಬರೆದದ್ದು ಅಳಿಸುವುದೇ ಇಲ್ಲವಲ್ಲ? ಹೌದು ಸರ್, ಮನೆ ಬಾಡಿಗೆ ಅಂತ ತಗೊಂಡರೆ ನನ್ನ ಪದ ಸೋಲುತ್ತೆ. ಗಾಡಿ ಬಾಡಿಗೆ ಅಂತ ತಗೊಂಡರೆ ನಿಲ್ಲುತ್ತೆ, ಕೀರ್ತನೆಯಲ್ಲಿ ಇರೋದೂ ಆ ಅರ್ಥವೇ. 'ಜಾಗದ ಬಾಡಿಗೆ' ಬದಲು 'ಸಾಗಣೆ ಬಾಡಿಗೆ' ಅಂತ ತಿದ್ದಿಕೊಳ್ತೀನಿ.

ಇನ್ನೊಬ್ಬರು ಮೇಡಂ ಕೇಳಿದ್ದು: ಆ ಹದಿನೆಂಟು ಡಾಲರ್ ಕೊನೆಗೆ ಬಂತಾ? ಬಂತು ಮೇಡಂ. ಆಗಸ್ಟ್‌ನಲ್ಲಿ ಗ್ಯಾಸ್ ದರ ಒಂದೆರಡು ಗ್ವೈಗೆ ಇಳಿದಿತ್ತು. ಒಂದು ಭಾನುವಾರ ಬೆಳಗ್ಗೆ ಸೀನಿಯರ್ ಒಬ್ಬರು ನನ್ನ ವಾಲೆಟ್‌ಗೆ ಚೂರು ಈಥರ್ ಹಾಕಿದರು, ಮೂವತ್ತು ಸೆಂಟ್ ಸುಮಾರಿನಲ್ಲಿ ಕೆಲಸ ಆಯ್ತು. ಅಷ್ಟರಲ್ಲಿ ಪರೀಕ್ಷೆ ಮುಗಿದು ಫಲಿತಾಂಶವೂ ಬಂದಿತ್ತು. ಶುಲ್ಕವನ್ನು ಅಮ್ಮ ಏಪ್ರಿಲ್‌ನಲ್ಲೇ ಗೂಡು ಮಾರಿದ ದುಡ್ಡಲ್ಲಿ ಕಟ್ಟಿದ್ದರು, ಫೋನ್‌ಪೇನಲ್ಲಿ.