ಜೀವಕೋಶವನ್ನು ಅಳೆಯುವುದು ಹೇಗೆ? ಒಬ್ಬ ಕಾಮರ್ಸ್ ವಿದ್ಯಾರ್ಥಿನಿಯ ಲೆಕ್ಕ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನಮ್ಮ ತರಗತಿಯವರಿಗೆ ಜೀವಶಾಸ್ತ್ರ ಪ್ರಯೋಗಾಲಯದ ಬಾಗಿಲು ಮಾತ್ರ ಗೊತ್ತು. ನಾನು ಒಳಗೆ ಕಾಲಿಡಲು ಕಾರಣ ನಮ್ಮ ಅಮ್ಮಿಯ ರಕ್ತ ಪರೀಕ್ಷೆಯ ರಿಪೋರ್ಟ್.

ಕೆಲವು ತಿಂಗಳಿನಿಂದ ಮೆಟ್ಟಿಲು ಹತ್ತಿದರೆ ಅಮ್ಮಿಗೆ ಏದುಸಿರು ಬರುತ್ತಿತ್ತು. ಡಾಕ್ಟರು ರಿಪೋರ್ಟ್ ನೋಡಿ, "ಕಬ್ಬಿಣದ ಅಂಶ ಕಡಿಮೆಯಾಗಿದೆ, ಕೆಂಪು ರಕ್ತಕಣಗಳು ಚಿಕ್ಕದಾಗಿವೆ" ಎಂದರು. ಅದನ್ನೇ ನಾನು ಮನೆಮಾತಿನಲ್ಲಿ ಹೇಳಿದೆ. ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: "ಕಿತ್ತೇ ಛೋಟೇ?" ಎಷ್ಟು ಚಿಕ್ಕವು? ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನ ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿದೆ. "ಶುಕ್ರವಾರ ಜುಮ್ಮಾ ಬಿಡುವಿನಲ್ಲಿ ಲ್ಯಾಬ್ ಖಾಲಿ ಇರುತ್ತದೆ, ಬಾ. ಆದರೆ ಮೊದಲು ಈರುಳ್ಳಿ, ಆಮೇಲೆ ರಕ್ತ" ಎಂದರು.

ಈರುಳ್ಳಿಯ ದಪ್ಪ ಪದರದ ಒಳಮೈಯಿಂದ ತೆಳುವಾದ ಪೊರೆಯನ್ನು ಕಿತ್ತು, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿದೆ. ಸ್ಯಾಫ್ರನಿನ್ ಬಣ್ಣ ಹಾಕಿ, ಹೆಚ್ಚಾದದ್ದನ್ನು ತೊಳೆದೆ. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ನಿಧಾನವಾಗಿ ಇಳಿಸಬೇಕು. ನಾನು ದಪ್ಪನೆ ಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ಕಪ್ಪು ಅಂಚಿನ ದುಂಡು ದುಂಡು ಆಕೃತಿಗಳು ಕಂಡು, "ಕೋಶ ಸಿಕ್ಕಿತು!" ಎಂದು ಕುಣಿದೆ. ಅವೆಲ್ಲ ಗಾಳಿಯ ಗುಳ್ಳೆಗಳು! ಎರಡನೇ ಸಲ ಇಟ್ಟಿಗೆ ಗೋಡೆಯಂತೆ ಸಾಲಾಗಿ ಜೋಡಿಸಿದ ನಿಜವಾದ ಕೋಶಗಳು ಕಂಡವು.

ನೋಡುವ ಕ್ರಮ ಹೀಗೆ. ಮೊದಲು ಕಡಿಮೆ ಶಕ್ತಿಯ ಆಬ್ಜೆಕ್ಟಿವ್ ಮಸೂರದಲ್ಲಿ ಫೋಕಸ್ ಮಾಡಿ, ಬೇಕಾದ ಭಾಗವನ್ನು ನಡುವಿಗೆ ತಂದು, ಆಮೇಲೆ ಹೆಚ್ಚಿನ ಶಕ್ತಿಗೆ ತಿರುಗಿಸಬೇಕು. 40 ಪಟ್ಟಿನ ಮಸೂರ ಸ್ಲೈಡಿಗೆ ತೀರಾ ಹತ್ತಿರ ಇರುತ್ತದೆ. ಅಲ್ಲಿ ಸಣ್ಣ ತಿರುಪನ್ನು ಮಾತ್ರ ಬಳಸಬೇಕು. ದೊಡ್ಡದನ್ನು ತಿರುಗಿಸಿದರೆ ಸ್ಲೈಡ್ ಒಡೆದೀತು. ಕಣ್ಣಿನ ಬಳಿಯ ಮಸೂರ 10 ಪಟ್ಟು, ಕೆಳಗಿನದು 40 ಪಟ್ಟು ಆದರೆ ಒಟ್ಟು 400 ಪಟ್ಟು.

ಆದರೆ 400 ಪಟ್ಟು ಎಂದರೆ ಕೋಶದ ಅಳತೆ ತಿಳಿದಂತಲ್ಲ. ಅದಕ್ಕೆ ಮೇಡಂ ಎರಡು ವಸ್ತು ತೋರಿಸಿದರು. ಒಂದು, ಕಣ್ಣಿನ ಮಸೂರದೊಳಗೆ ಕೂರಿಸುವ 100 ಗೆರೆಗಳ ಗಾಜಿನ ಬಿಲ್ಲೆ. ಇನ್ನೊಂದು, ಸ್ಟೇಜ್ ಮೈಕ್ರೋಮೀಟರ್ ಎಂಬ ಸ್ಲೈಡ್. ಅದರಲ್ಲಿ 1 ಮಿಲಿಮೀಟರನ್ನು 100 ಸಮಭಾಗ ಮಾಡಿರುತ್ತಾರೆ. ಅಂದರೆ ಒಂದು ಭಾಗ 10 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರಾನ್.

ಬಿಲ್ಲೆಯ ಗೆರೆಗಳಿಗೆ ಸ್ವಂತ ಬೆಲೆ ಇಲ್ಲ. ಇದು ನನಗೆ ಬೇಗ ಅರ್ಥವಾಯಿತು. ನಮ್ಮ ಅಬ್ಬಾ ಜಿದ್ದಾದಲ್ಲಿ ಕೆಲಸ ಮಾಡುತ್ತಾರೆ. 1000 ರಿಯಾಲ್ ಕಳಿಸಿದೆ ಎಂದರೆ, ಆ ದಿನದ ದರ ತಿಳಿಯದೆ ಮನೆ ಖರ್ಚಿನ ಲೆಕ್ಕ ಬರೆಯಲು ಆಗುವುದಿಲ್ಲ. ಬಿಲ್ಲೆಯ ಗೆರೆ ರಿಯಾಲ್ ಇದ್ದಂತೆ; ಅದರ ದರ ಹೇಳುವುದು ಸ್ಟೇಜ್ ಮೈಕ್ರೋಮೀಟರ್.

10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಎರಡೂ ಅಳತೆಪಟ್ಟಿಗಳನ್ನು ಒಂದರ ಮೇಲೊಂದು ಬರುವಂತೆ ಹೊಂದಿಸಿದೆ. ಬಿಲ್ಲೆಯ 100 ಭಾಗ ಸ್ಲೈಡಿನ 100 ಭಾಗಕ್ಕೆ ಸರಿಯಾಯಿತು. ಹಾಗಾದರೆ ಬಿಲ್ಲೆಯ ಒಂದು ಭಾಗ 10 ಮೈಕ್ರಾನ್. ಈಗ ಸ್ಟೇಜ್ ಮೈಕ್ರೋಮೀಟರ್ ತೆಗೆದು ಈರುಳ್ಳಿಯ ಸ್ಲೈಡ್ ಇಟ್ಟು, ಹತ್ತು ಕೋಶಗಳ ಉದ್ದ ಅಳೆದೆ. ಸರಾಸರಿ 28 ಭಾಗ ಬಂತು. 28 × 10 = 280 ಮೈಕ್ರಾನ್. ಒಂದೇ ಕೋಶ ಅಳೆದು ನಿಲ್ಲಬಾರದು, ಏಕೆಂದರೆ ಒಂದೇ ಪೊರೆಯಲ್ಲೂ ಉದ್ದದವು, ಗಿಡ್ಡವು ಇರುತ್ತವೆ.

ಆಮೇಲೆ ಲ್ಯಾಬಿನಲ್ಲಿದ್ದ ಮನುಷ್ಯರ ರಕ್ತದ ಸಿದ್ಧ ಸ್ಲೈಡ್ ಇಟ್ಟು 40 ಪಟ್ಟಿಗೆ ತಿರುಗಿಸಿದೆ. ನಡುವೆ ತೆಳು ಬಣ್ಣದ, ದುಂಡನೆಯ ಕೆಂಪುಕಣಗಳು. ಒಂದೊಂದೂ 3 ಭಾಗ ಅಗಲ. 30 ಮೈಕ್ರಾನ್ ಎಂದು ಹೆಮ್ಮೆಯಿಂದ ಬರೆದೆ. ಮೇಡಂ ನಕ್ಕು, "ಹಳೇ ದರದಲ್ಲಿ ಹೊಸ ಲೆಕ್ಕ ಬರೆದಿದ್ದೀಯಲ್ಲ" ಎಂದರು. ಮಸೂರ ಬದಲಾದರೆ ದರವೂ ಬದಲು! ಮತ್ತೆ ಹೊಂದಿಸಿ ನೋಡಿದಾಗ ಬಿಲ್ಲೆಯ 40 ಭಾಗ ಸ್ಲೈಡಿನ 10 ಭಾಗಕ್ಕೆ, ಅಂದರೆ 100 ಮೈಕ್ರಾನಿಗೆ ಸರಿಯಾಯಿತು. ಒಂದು ಭಾಗ 2.5 ಮೈಕ್ರಾನ್. ಕೆಂಪುಕಣದ ಅಗಲ 7.5 ಮೈಕ್ರಾನ್. ಸಾಮಾನ್ಯ ಅಳತೆ 7ರಿಂದ 8, ಹಾಗಾಗಿ ಈ ಸಲ ಲೆಕ್ಕ ತಾಳೆಯಾಯಿತು.

ಹಾಗಾದರೆ ಅಮ್ಮಿಯ ಕಣಗಳು? 6 ಮೈಕ್ರಾನಿನ ಕಣವೊಂದು 2.4 ಭಾಗ ಕಾಣಬೇಕು. 3ಕ್ಕೂ ಅದಕ್ಕೂ ವ್ಯತ್ಯಾಸ ಅರ್ಧ ಗೆರೆಯಷ್ಟೇ. ನಮ್ಮ ಬಿಲ್ಲೆಯಲ್ಲಿ ಅದನ್ನು ನಂಬಿಕೆಯಿಂದ ಓದಲಾಗದು. ಅದಕ್ಕೇ ಆಸ್ಪತ್ರೆಯ ಲ್ಯಾಬಿನಲ್ಲಿ ಯಂತ್ರವು ಸಾವಿರಾರು ಕಣಗಳ ಗಾತ್ರ ಅಳೆದು ಸರಾಸರಿ ಕೊಡುತ್ತದೆ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್. ಅಮ್ಮಿಯ ರಿಪೋರ್ಟಿನಲ್ಲಿ 66 ಇತ್ತು. ತಜ್ಞರು ಸೂಕ್ಷ್ಮದರ್ಶಕದಲ್ಲೂ ನೋಡುತ್ತಾರೆ: ಲಿಂಫೋಸೈಟ್ ಎಂಬ ಚಿಕ್ಕ ಬಿಳಿಕಣದ ಕೋಶಕೇಂದ್ರ ಹೆಚ್ಚುಕಡಿಮೆ ಆರೋಗ್ಯವಂತ ಕೆಂಪುಕಣದಷ್ಟೇ ಇರುತ್ತದೆ. ಕೆಂಪುಕಣ ಅದಕ್ಕಿಂತ ಚಿಕ್ಕದಾಗಿ ಕಂಡರೆ ಅನುಮಾನ ಪಡುತ್ತಾರೆ.

ಆ ರಾತ್ರಿ ಅಮ್ಮಿಯ ಮುಂದೆ ನನ್ನ ಸ್ಕೇಲ್ ಇಟ್ಟು ಒಂದು ಮಿಲಿಮೀಟರ್ ತೋರಿಸಿದೆ. "ಇಷ್ಟರಲ್ಲಿ ಸರಿಯಾದ ಕಣಗಳು ಸುಮಾರು 130 ಸಾಲಾಗಿ ಕೂರುತ್ತವೆ. ನಿಮ್ಮವು ಚಿಕ್ಕವು, ಇನ್ನೂ ಹೆಚ್ಚು ಕೂರುತ್ತವೆ" ಎಂದೆ. ಅಮ್ಮಿ ಬಹಳ ಹೊತ್ತು ಆ ಗೆರೆಗಳನ್ನು ನೋಡಿದರು. ಕಬ್ಬಿಣದ ಮಾತ್ರೆಯ ಜೊತೆ ಚಾ ಬೇಡ ಎಂದು ಡಾಕ್ಟರು ಹೇಳಿದ್ದನ್ನು ಅಲ್ಲಿಯವರೆಗೆ ಕೇಳದವರು, ಅಂದು ಚಾ ಲೋಟವನ್ನು ಪಕ್ಕಕ್ಕೆ ಸರಿಸಿದರು.

ಮುಂದಿನ ರಿಪೋರ್ಟ್ ಬಂದಾಗ 66ರ ಜಾಗದಲ್ಲಿ ಯಾವ ಅಂಕಿ ಇದೆ ಎಂದು ಮೊದಲು ನೋಡುವವಳು ನಾನೇ. ಕಾಮರ್ಸ್, ಆರ್ಟ್ಸ್ ಗೆಳತಿಯರೇ, ನೀವೂ ಒಮ್ಮೆ ಲ್ಯಾಬಿಗೆ ಹೋಗಿ ಕೇಳಿ. ಬರುವಾಗ ಒಂದು ಈರುಳ್ಳಿ ತಂದರೆ ಸಾಕು.